ಕುದುರೆಯ ದನಿಗೆ ಹೆಸರು: ಅನುಕರಣ ಪದಗಳಲ್ಲಿ ಧ್ವನಿನಿಯಮದ ಪಾತ್ರ

ಸಾರಾಂಶ

ಅನುಕರಣ ಪದಗಳು ಧ್ವನಿನಿಯಮಗಳಿಗೆ ಹೊರತಾದವು ಎಂಬ ಭಾವನೆಯಿಂದ ಅವುಗಳನ್ನು ಐತಿಹಾಸಿಕ ಪುನಾರಚನೆಯ ಆಚೆಗೆ ಇರಿಸುವ ರೂಢಿ ಭಾಷಾವಿಜ್ಞಾನದಲ್ಲಿದೆ. ಕುದುರೆಯ ದನಿಯನ್ನು ಸೂಚಿಸುವ ಪದಗಳನ್ನು ಆಧಾರವಾಗಿಟ್ಟುಕೊಂಡು ನಾವು ಈ ರೂಢಿಯನ್ನು ಪರಿಶೀಲಿಸುತ್ತೇವೆ. ಮೊದಲು ಕುದುರೆಯ ದನಿಯ ಸ್ವರೂಪವನ್ನೂ ವಿವಿಧ ಭಾಷೆಗಳು ಅದನ್ನು ಹಿಡಿದಿರುವ ಬಗೆಯನ್ನೂ ವಿವರಿಸಿ, ಬಳಿಕ ಇಂಗ್ಲಿಷ್, ಇಟಾಲಿಯನ್ ಮತ್ತು ಜಪಾನೀ ಭಾಷೆಗಳಲ್ಲಿ ಧ್ವನಿವ್ಯತ್ಯಾಸವು ಅನುಕರಣೆಯನ್ನು ಸವೆಸಿದ ಅಥವಾ ತಡೆದ ರೀತಿಯನ್ನು ತೋರಿಸುತ್ತೇವೆ. ಕನ್ನಡದ ‘ಕೆನೆ’ ಎಂಬ ಧಾತು ತಮಿಳಿನ ‘ಕನೈ’ಗಿಂತ ಮಲಯಾಳದ ‘ಚಿನಯ್‌-’ಗೆ ನಿಯತವಾಗಿ ಹೊಂದುತ್ತದೆ ಎಂಬುದು ನಮ್ಮ ಪ್ರಧಾನ ಪ್ರತಿಪಾದನೆ. ಅನುಕರಣ ಪದದ ವಯಸ್ಸನ್ನು ಅದರ ಸದ್ದಿಗಿಂತ ಅದರ ರೂಪರಚನೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಸೂಚಿಸುತ್ತದೆ ಎಂದು ಲೇಖನವು ಸಾಧಿಸಲು ಯತ್ನಿಸುತ್ತದೆ.

ಪ್ರಮುಖ ಪದಗಳು: ಅನುಕರಣ ಪದ, ಧ್ವನಿನಿಯಮ, ತಾಲವ್ಯೀಕರಣ, ದಕ್ಷಿಣ ದ್ರಾವಿಡ, ಪದಕ್ಷೇತ್ರ

1. ಪೀಠಿಕೆ

ಕನ್ನಡದಲ್ಲಿ ಕುದುರೆ ‘ಕೆನೆ’ಯುತ್ತದೆ. ಅದೇ ಪ್ರಾಣಿಯ ಅದೇ ದನಿಗೆ ತಮಿಳಿನಲ್ಲಿ ‘ಕನೈ’, ಮಲಯಾಳದಲ್ಲಿ ‘ಚಿನಯ್‌ಕ್ಕುಕ’, ತೆಲುಗಿನಲ್ಲಿ ‘ಸಕಿಲಿಂಚು’, ಮರಾಠಿಯಲ್ಲಿ ‘ಖಿಂಕಾಳಣೆ’, ಹಿಂದಿಯಲ್ಲಿ ‘ಹಿನ್‌ಹಿನಾನಾ’ ಎಂಬ ಕ್ರಿಯಾಪದಗಳಿವೆ. ಸಂಸ್ಕೃತದ ‘ಹೇಷಾ’, ‘ಹ್ರೇಷಾ’ ಎಂಬ ನಾಮಪದಗಳು ಈ ಎಲ್ಲ ಭಾಷೆಗಳ ಪ್ರೌಢ ಶೈಲಿಗೂ ಪರಿಚಿತ. ಕುದುರೆ ಎಲ್ಲೆಡೆಯೂ ಒಂದೇ ಬಗೆಯಾಗಿ ದನಿ ಮಾಡುತ್ತಿರುವಾಗ ಅದರ ಹೆಸರುಗಳು ಮಾತ್ರ ಇಷ್ಟು ಭಿನ್ನವಾಗಿರುವುದು ಏಕೆ ಎಂಬುದು ಹಳೆಯ ಪ್ರಶ್ನೆ. ಇವುಗಳಲ್ಲಿ ಕೆಲವು ಒಂದನ್ನೊಂದು ಹೋಲುವುದು ಏಕೆ ಎಂಬುದು ಅಷ್ಟೇ ಮುಖ್ಯವಾದ ಮರುಪ್ರಶ್ನೆ. ಹೋಲಿಕೆಗೆ ಕಾರಣ ಒಂದೇ ಮೂಲದಿಂದ ಬಂದಿರುವುದೋ, ಒಂದೇ ದನಿಯನ್ನು ಅನುಕರಿಸಿರುವುದೋ?

ಸೊಸ್ಯೂರನು 1916ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಅನುಕರಣ ಪದಗಳನ್ನು ಭಾಷಾವ್ಯವಸ್ಥೆಯ ಅಂಚಿನ ಸಂಗತಿಯೆಂದು ಪರಿಗಣಿಸಿದನು. ಅವು ಸಂಖ್ಯೆಯಲ್ಲಿ ಅಲ್ಪ. ಭಾಷೆಯೊಳಗೆ ಸೇರಿದ ಮೇಲೆ ಉಳಿದ ಪದಗಳಂತೆಯೇ ಧ್ವನಿವ್ಯತ್ಯಾಸಕ್ಕೆ ಒಳಗಾಗುತ್ತವೆ. ಮರಿಹಕ್ಕಿಯ ಕೂಗಿನಿಂದ ಹುಟ್ಟಿದ ಲ್ಯಾಟಿನ್ ಪದ ‘ಪೀಪಿಯೋ’ ಫ್ರೆಂಚಿನಲ್ಲಿ ‘ಪಿಝೋನ್’ ಆಗಿ ತನ್ನ ಅನುಕರಣ ಗುಣವನ್ನು ಕಳೆದುಕೊಂಡಿತೆಂಬುದು ಅವನು ಕೊಟ್ಟ ನಿದರ್ಶನ. ಆದರೆ ಈ ಮಾತಿನ ಎರಡನೆಯ ಭಾಗಕ್ಕೆ, ಅಂದರೆ ಅನುಕರಣ ಪದಗಳೂ ಧ್ವನಿನಿಯಮಕ್ಕೆ ಅಧೀನವೆಂಬ ಭಾಗಕ್ಕೆ, ವ್ಯುತ್ಪತ್ತಿಯ ಚರ್ಚೆಗಳಲ್ಲಿ ತಕ್ಕ ಗಮನ ದೊರೆತಿಲ್ಲ. ಒಂದು ಪದವನ್ನು ‘ಅನುಕರಣ’ವೆಂದು ಗುರುತಿಸಿದೊಡನೆ ಅದರ ಇತಿಹಾಸವನ್ನು ಹುಡುಕುವ ಕೆಲಸ ಮುಗಿಯಿತೆಂದು ಭಾವಿಸಲಾಗುತ್ತದೆ. ದ್ರಾವಿಡ ಭಾಷೆಗಳಲ್ಲಿ ಅನುಕರಣ ಪದಗಳ ಪ್ರಮಾಣ ಹೆಚ್ಚಾಗಿರುವುದರಿಂದ ಈ ಭಾವನೆಯ ನಷ್ಟವೂ ಹೆಚ್ಚು. ಆ ನಷ್ಟದ ಸ್ವರೂಪವನ್ನು ಒಂದೇ ಪದದ ಮೂಲಕ ತೋರಿಸುವುದು ನಮ್ಮ ಉದ್ದೇಶ.

2. ಕುದುರೆ ಮಾಡುವ ಸದ್ದುಗಳು

ಪ್ರಾಣಿವರ್ತನೆಯ ಅಧ್ಯಯನಕಾರರು ಕುದುರೆಯ ಸದ್ದುಗಳನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ದೀರ್ಘವಾದ, ದೂರಕ್ಕೆ ಕೇಳುವ ಕೆನೆತ. ಗುಂಪಿನಿಂದ ಅಗಲಿದಾಗ ಅಥವಾ ಪರಿಚಿತ ಕುದುರೆ ದೂರದಲ್ಲಿ ಕಂಡಾಗ ಇದು ಕೇಳಿಬರುತ್ತದೆ. ಎರಡನೆಯದು ಬಾಯಿ ಮುಚ್ಚಿ, ತಗ್ಗಿದ ಸ್ಥಾಯಿಯಲ್ಲಿ, ಬಿಡಿಬಿಡಿಯಾದ ಮಿಡಿತಗಳಲ್ಲಿ ಹೊರಡುವ ಮೆಲುದನಿ. ತಾಯಿಗುದುರೆ ಮರಿಯನ್ನು ಕರೆಯುವಾಗ, ಮೇವಿನ ಹೊತ್ತಿಗೆ ಪರಿಚಿತರು ಸಮೀಪಿಸಿದಾಗ ಇದನ್ನು ಕೇಳಬಹುದು. ಮೂರನೆಯದು ಪ್ರತಿಭಟನೆಯನ್ನು ಸೂಚಿಸುವ, ಹೆಚ್ಚಿನ ಸ್ಥಾಯಿಯ ಕೀರಲು. ನಾಲ್ಕನೆಯದು ಮೂಗಿನ ಹೊಳ್ಳೆಗಳಿಂದ ಗಾಳಿಯನ್ನು ರಭಸವಾಗಿ ಹೊರಹಾಕುವ ಸದ್ದು. ಇದರಲ್ಲಿ ಗಂಟಲ ನಾದವಿಲ್ಲ.

ಭಾಷಾವಿಜ್ಞಾನಿಗೆ ಮೊದಲನೆಯ ಬಗೆ ವಿಶೇಷವಾಗಿ ಮುಖ್ಯ. ಎಲೋದಿ ಬ್ರೀಫರ್ ಮತ್ತು ಸಂಗಡಿಗರು 2015ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಕೆನೆತದಲ್ಲಿ ಏಕಕಾಲಕ್ಕೆ ಎರಡು ಮೂಲ ಆವೃತ್ತಿಗಳಿರುವುದನ್ನು ತೋರಿಸಿತು. ತಗ್ಗಿನ ಆವೃತ್ತಿಯು ಕುದುರೆಯ ಉದ್ರೇಕದ ಪ್ರಮಾಣವನ್ನು ಸೂಚಿಸಿದರೆ, ಮೇಲಿನ ಆವೃತ್ತಿಯೂ ಕೆನೆತದ ಅವಧಿಯೂ ಅದರ ಭಾವ ಹಿತವೋ ಅಹಿತವೋ ಎಂಬುದನ್ನು ಸೂಚಿಸುತ್ತವೆ. ಅಂದರೆ ಕೆನೆತವು ಏಕರೂಪದ ಸದ್ದಲ್ಲ. ಅದರಲ್ಲಿ ತೀಕ್ಷ್ಣವಾದ ಮೇಲ್ದನಿ ಇದೆ, ಗಂಟಲಿನ ತಗ್ಗುದನಿ ಇದೆ, ಏರಿಳಿಯುವ ಕಂಪನವಿದೆ, ಉಸಿರಿನ ರಭಸವಿದೆ. ಮಾನವ ಭಾಷೆಯ ಒಂದು ಅಥವಾ ಎರಡು ಅಕ್ಷರಗಳಲ್ಲಿ ಇವೆಲ್ಲವನ್ನೂ ಹಿಡಿಯುವುದು ಅಸಾಧ್ಯ. ಆದ್ದರಿಂದ ಅನುಕರಣೆ ಎಂಬುದು ಆರಂಭದಲ್ಲಿಯೇ ಆಯ್ಕೆ: ದನಿಯ ಯಾವ ಅಂಶವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರ ಪದದ ಹುಟ್ಟಿನಲ್ಲೇ ಅಡಗಿದೆ.

3. ಅನುಕರಣೆಯ ದಾರಿಗಳು

ಹಲವು ಭಾಷೆಗಳು ಮೇಲ್ದನಿಯನ್ನು ಆರಿಸಿಕೊಂಡಿವೆ. ಲ್ಯಾಟಿನ್ನಿನ ‘ಹಿನ್ನೀರೆ’, ಡಚ್ಚಿನ ‘ಹಿನ್ನಿಕೆನ್’, ಫಿನ್ನಿಷ್‌ನ ‘ಹಿರ್ನುಆ’, ತುರ್ಕಿಯ ‘ಕಿಷ್ನೆಮೆಕ್’, ಇಂಗ್ಲಿಷಿನ ‘ವಿನ್ನಿ’, ಜಪಾನಿಯ ‘ಹಿಹೀನ್’, ಹಿಂದಿಯ ‘ಹಿನ್‌ಹಿನಾನಾ’, ಮರಾಠಿಯ ‘ಖಿಂಕಾಳಣೆ’, ಬಂಗಾಳಿಯ ‘ಚಿಂಹಿ’ ಇವುಗಳಲ್ಲಿ ಇಕಾರ ಸಮಾನವಾಗಿದೆ. ಮಾನವನ ಸ್ವರಗಳಲ್ಲಿ ಇಕಾರದ ಎರಡನೆಯ ಅನುನಾದ ಪಟ್ಟಿಯೇ ಅತ್ಯಂತ ಎತ್ತರದಲ್ಲಿರುವುದರಿಂದ ತೀಕ್ಷ್ಣವಾದ ಸದ್ದನ್ನು ಹಿಡಿಯಲು ಅದು ಸಹಜವಾದ ಆಯ್ಕೆ. ಇವುಗಳಲ್ಲಿ ಬಹುಪಾಲು ಪದಗಳು ಅನುನಾಸಿಕವನ್ನೂ ಹೊಂದಿವೆ. ಹಕಾರವೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಉಸಿರಿನ ರಭಸಕ್ಕೆ ಸಮೀಪವಾದ ವ್ಯಂಜನ. ಹಿಂದಿಯ ರೂಪದಲ್ಲಿರುವ ದ್ವಿರುಕ್ತಿಯು ದನಿಯ ಏರಿಳಿತವನ್ನು ಸೂಚಿಸುವುದಲ್ಲದೆ, ಎಮೆನೋ ಅವರು 1969ರ ‘ಲ್ಯಾಂಗ್ವೇಜ್’ ಪತ್ರಿಕೆಯ ಲೇಖನದಲ್ಲಿ ಭಾರತೀಯ ಭಾಷಾವಲಯದ ಸಮಾನ ಲಕ್ಷಣವೆಂದು ಗುರುತಿಸಿದ ರಚನೆಗೂ ಸೇರಿದೆ.

ಈ ಪಟ್ಟಿಯಿಂದ ಸಾರ್ವತ್ರಿಕ ನಿಯಮವೊಂದನ್ನು ಎತ್ತಿಕೊಳ್ಳುವ ಮುನ್ನ ಎರಡು ಎಚ್ಚರಗಳು ಅಗತ್ಯ. ಮೊದಲನೆಯದಾಗಿ, ಮೇಲ್ದನಿಯನ್ನು ಬಿಟ್ಟು ಬೇರೆ ಅಂಶವನ್ನು ಹಿಡಿದ ಭಾಷೆಗಳೂ ಇವೆ. ರಷ್ಯನ್ನಿನ ‘ರ್‍ಝಾತ್’ ಕಂಪನವನ್ನೂ ಘರ್ಷಣೆಯನ್ನೂ ಆರಿಸಿಕೊಂಡಿದೆ, ಅದರಲ್ಲಿ ಇಕಾರವಿಲ್ಲ. ತಮಿಳಿನ ‘ಕನೈ’ ಗಂಟಲಿನ ತಗ್ಗುದನಿಯನ್ನು ಹಿಡಿದಿದೆ. ಮನುಷ್ಯನು ಗಂಟಲು ಸರಿಪಡಿಸಿಕೊಳ್ಳುವ ಸದ್ದಿಗೂ ಅದೇ ಕ್ರಿಯಾಪದ ಸಲ್ಲುತ್ತದೆ. ‘ತಿರುಪ್ಪಾವೈ’ಯ 12ನೆಯ ಪಾಸುರದಲ್ಲಿ ಕರುವನ್ನು ನೆನೆಯುವ ಎಮ್ಮೆಯ ಕೂಗಿಗೆ ಇದೇ ಧಾತು ಬಳಕೆಯಾಗಿದೆ. ಋಗ್ವೇದದ ಅಶ್ವಸೂಕ್ತದಲ್ಲಿ (1.163) ಕುದುರೆಯ ದನಿಗೆ ‘ಕ್ರಂದ್’ ಎಂಬ ಸಾಮಾನ್ಯಾರ್ಥದ ಧಾತು ಬಂದಿದೆ. ಪಾಣಿನೀಯ ಧಾತುಪಾಠವು ‘ಹೇಷ್’, ‘ಹ್ರೇಷ್’ ಧಾತುಗಳಿಗೆ ಕೊಡುವ ಅರ್ಥವೂ ‘ಅವ್ಯಕ್ತ ಶಬ್ದ’ವೆಂಬ ವಿಶಾಲ ಅರ್ಥವೇ, ಅವುಗಳನ್ನು ಕುದುರೆಗೆ ಸೀಮಿತಗೊಳಿಸಿ ಹೇಳುವುದು ಅಮರಕೋಶದಂತಹ ಕೋಶಗಳು.

ಎರಡನೆಯದಾಗಿ, ಪದದಲ್ಲಿ ಇಕಾರವಿರುವುದೇ ಅನುಕರಣೆಗೆ ಸಾಕ್ಷಿಯಾಗಲಾರದು. ಅರಬ್ಬಿಯಲ್ಲಿ ಕೆನೆತಕ್ಕೆ ‘ಸಹೀಲ್’ ಎನ್ನುತ್ತಾರೆ. ಅದರ ದೀರ್ಘ ಈಕಾರ ಕುದುರೆಯ ಮೇಲ್ದನಿಯನ್ನು ಪ್ರತಿಧ್ವನಿಸುವಂತೆ ತೋರಬಹುದು. ಆದರೆ ಕತ್ತೆಯ ಕೂಗಿಗೆ ‘ನಹೀಕ್’, ಸಿಂಹದ ಗರ್ಜನೆಗೆ ‘ಝಈರ್’, ಪಾರಿವಾಳದ ದನಿಗೆ ‘ಹದೀಲ್’ ಎಂಬ ಪದಗಳಿವೆ. ಸದ್ದಿನ ಹೆಸರುಗಳನ್ನು ರಚಿಸಲು ಅರಬ್ಬೀ ಭಾಷೆಯು ಅ-ಈ ಸ್ವರಗಳ ನಿಯತ ಅಚ್ಚೊಂದನ್ನು ಬಳಸುತ್ತದೆ. ‘ಸಹೀಲ್’ನ ಈಕಾರ ಬಂದಿರುವುದು ಆ ಅಚ್ಚಿನಿಂದ. ಒಂದು ಸ್ವರದ ಮೂಲವನ್ನು ಪ್ರಾಣಿಯ ಗಂಟಲಿನಲ್ಲಿ ಹುಡುಕುವ ಮೊದಲು ಭಾಷೆಯ ವ್ಯಾಕರಣದಲ್ಲಿ ಹುಡುಕಬೇಕು ಎಂಬ ಈ ಪಾಠ ಮುಂದೆ ‘ಕೆನೆ’ಯ ಚರ್ಚೆಯಲ್ಲಿಯೂ ನಮಗೆ ನೆರವಾಗುತ್ತದೆ.

4. ಧ್ವನಿವ್ಯತ್ಯಾಸ ಮತ್ತು ಅನುಕರಣೆ

ಪ್ರಾಚೀನ ಇಂಗ್ಲಿಷಿನಲ್ಲಿ ಕೆನೆ ಎಂಬರ್ಥದ ಪದ ‘ಹ್ನ್ಯಾಗನ್’. ಆದಿಯಲ್ಲಿ ಹಕಾರಯುಕ್ತ ನಕಾರ, ನಡುವೆ ದೀರ್ಘ ಸ್ವರ ಮತ್ತು ಮತ್ತೊಂದು ವ್ಯಂಜನ: ಉಸಿರಿನ ರಭಸ, ಮೂಗಿನ ನಾದ, ದನಿಯ ದೀರ್ಘತೆ ಎಲ್ಲವೂ ಅದರಲ್ಲಿದ್ದವು. ಇಂಗ್ಲಿಷಿನಲ್ಲಿ ಪದಾದಿಯ ‘ಹ್ನ’ ಎಲ್ಲ ಪದಗಳಲ್ಲಿಯೂ ‘ನ’ ಆಯಿತು. ನಡುವಿನ ವ್ಯಂಜನವು ಸ್ವರದಲ್ಲಿ ಲೀನವಾಯಿತು. ಇಂದಿನ ‘ನೇ’ ಎಂಬ ಪದವು ‘ಇಲ್ಲ’ ಎಂಬರ್ಥದ ಮತ್ತೊಂದು ಪದದೊಡನೆ ಉಚ್ಚಾರಣೆಯಲ್ಲಿ ಅಭಿನ್ನ. ಕುದುರೆಯ ಕಾರಣದಿಂದ ಧ್ವನಿನಿಯಮ ಈ ಪದಕ್ಕೆ ವಿನಾಯಿತಿ ಕೊಡಲಿಲ್ಲ. ಹೀಗೆ ಸವೆದ ಪದದ ಪಕ್ಕದಲ್ಲಿ 16ನೆಯ ಶತಮಾನದಿಂದ ದಾಖಲಾಗಿರುವ ‘ವಿನ್ನಿ’ ಎಂಬ ಹೊಸ ಅನುಕರಣ ಪದ ನೆಲೆಗೊಂಡಿತು. ಲ್ಯಾಟಿನ್ನಿನ ‘ಹಿನ್ನೀರೆ’ಗೆ ಸಂಬಂಧಿಸಿದ ರೂಪದಿಂದ ಬಂದ ಇಟಾಲಿಯನ್ ‘ನಿತ್ರೀರೆ’ಯಲ್ಲಿಯೂ ಇದೇ ಕತೆ: ಅನುಕರಣೆಯ ಜೀವಾಳವಾಗಿದ್ದ ಮೊದಲ ‘ಹಿನ್’ ಅಕ್ಷರದ ಹಕಾರ ಮತ್ತು ಇಕಾರಗಳೇ ಉದುರಿಹೋಗಿವೆ.

ಜಪಾನೀ ಭಾಷೆಯ ಸಾಕ್ಷ್ಯ ಇನ್ನೂ ಸೂಕ್ಷ್ಮವಾದುದು. 8ನೆಯ ಶತಮಾನದ ‘ಮನ್‌ಯೋಶೂ’ ಸಂಕಲನದಲ್ಲಿ ‘ಇ’ ಎಂಬ ಅಕ್ಷರವನ್ನು ಬರೆಯಲು ಒಂದೆಡೆ ‘ಕುದುರೆಯ ದನಿ’ ಎಂಬರ್ಥದ ಎರಡು ಚೀನೀ ಲಿಪಿಚಿಹ್ನೆಗಳನ್ನು ವಿನೋದವಾಗಿ ಬಳಸಲಾಗಿದೆ. ಹಾಗಾದರೆ ಆ ಕಾಲದ ಜಪಾನೀಯರ ಕಿವಿಗೆ ಕುದುರೆ ‘ಇ’ ಎನ್ನುತ್ತಿತ್ತು. ಇಂದಿನ ಜಪಾನಿನಲ್ಲಿ ಅದು ‘ಹಿಹೀನ್’ ಎನ್ನುತ್ತದೆ. ಈ ವ್ಯತ್ಯಾಸದ ಕಾರಣವನ್ನು ಹಾಶಿಮೋತೊ ಶಿಂಕಿಚಿ (1882–1945) ವಿವರಿಸಿದರು. ಇಂದು ಹಕಾರದಿಂದ ಆರಂಭವಾಗುವ ಜಪಾನೀ ಅಕ್ಷರಗಳು ಪ್ರಾಚೀನ ಕಾಲದಲ್ಲಿ ತುಟಿಯಲ್ಲಿ ಹುಟ್ಟುತ್ತಿದ್ದವು. ‘ಹಿ’ ಎಂಬ ಅಕ್ಷರವೇ ಭಾಷೆಯಲ್ಲಿರಲಿಲ್ಲ. ತುಟಿಯ ವ್ಯಂಜನಕ್ಕಿಂತ ವ್ಯಂಜನವಿಲ್ಲದ ‘ಇ’ ಕುದುರೆಯ ದನಿಗೆ ಹತ್ತಿರವಾಗಿತ್ತು. ಆ ಹಳೆಯ ‘ಇ’ ಇಂದಿಗೂ ‘ಇನನಕು’ (ಕೆನೆ) ಎಂಬ ಕ್ರಿಯಾಪದದ ಆದಿಯಲ್ಲಿ ಉಳಿದಿದೆ. ಅದರ ಉತ್ತರಭಾಗ ‘ನಕು’, ಅಂದರೆ ಕೂಗು. ಕುದುರೆ ಬದಲಾಗಲಿಲ್ಲ, ಅದನ್ನು ಕೇಳುವ ಭಾಷೆಯ ಧ್ವನಿಮಾ ವ್ಯವಸ್ಥೆ ಬದಲಾಯಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಪರಿಚಿತ ಸಾಮ್ಯ ಹೊಳೆಯುತ್ತದೆ. ‘ಪಾಲ್’ ಹಾಲಾದ, ‘ಪೂ’ ಹೂವಾದ ವ್ಯತ್ಯಾಸವು ಶಾಸನಗಳಲ್ಲಿ 10ನೆಯ ಶತಮಾನದಿಂದೀಚೆಗೆ ಕ್ರಮೇಣ ಹರಡಿತು. ಅದಕ್ಕೆ ಮುನ್ನ ಕನ್ನಡದ ದೇಶ್ಯ ಪದಗಳಲ್ಲಿ ಹಕಾರಕ್ಕೆ ನೆಲೆಯಿರಲಿಲ್ಲ; ಅದು ಸಂಸ್ಕೃತ–ಪ್ರಾಕೃತಗಳಿಂದ ಬಂದ ಪದಗಳಿಗೆ ಸೀಮಿತವಾಗಿತ್ತು. ಆದುದರಿಂದ ‘ಹಿನ್‌ಹಿನ್’ ಮಾದರಿಯ ಅನುಕರಣೆ ಆದಿ ಕನ್ನಡಕ್ಕೆ ತೆರೆದ ದಾರಿಯಾಗಿರಲಿಲ್ಲ. ‘ಕೆನೆ’ಯ ಆದಿಯ ಕಕಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಕಾರ ನೆಲೆಗೊಂಡ ಮೇಲೆ ಜಪಾನಿಯಂತೆ ಕನ್ನಡವು ತನ್ನ ಪದವನ್ನು ಹೊಸದಾಗಿ ಕಟ್ಟಿಕೊಳ್ಳಲಿಲ್ಲ. ‘ಕೆನೆ’ ಅಷ್ಟು ಹೊತ್ತಿಗೆ ಅನುಕರಣೆಯಾಗಿ ಉಳಿಯದೆ ಸಾಮಾನ್ಯ ಧಾತುವಾಗಿ ಬೇರೂರಿತ್ತೆಂಬುದೇ ಇದಕ್ಕೆ ಕಾರಣವಿರಬೇಕು.

5. ‘ಕೆನೆ’ಯ ಬಂಧುತ್ವ

‘ಕೆನೆ’ಯೊಡನೆ ಮೊದಲು ನೆನಪಿಗೆ ಬರುವ ಪದ ತಮಿಳಿನ ‘ಕನೈ’. ಅರ್ಥ ಸಮೀಪ, ವ್ಯಂಜನಗಳು ಸಮಾನ. ಆದರೆ ಸ್ವರಗಳನ್ನು ನಿಯಮದ ಒರೆಗಲ್ಲಿಗೆ ಹಚ್ಚಿದಾಗ ತೊಡಕು ಕಾಣುತ್ತದೆ. ತಮಿಳಿನ ಪದಾಂತ್ಯದ ‘ಐ’ ಕನ್ನಡದಲ್ಲಿ ‘ಎ’ ಆಗುತ್ತದೆ. ಅದರ ಹಿಂದಿನ ಅಕಾರ ಮಾತ್ರ ಹಾಗೆಯೇ ಉಳಿಯುತ್ತದೆ. ಮನೈ–ಮನೆ, ತಲೈ–ತಲೆ, ಮಲೈ–ಮಲೆ. ಈ ಪ್ರಕಾರ ‘ಕನೈ’ಗೆ ಕನ್ನಡದಲ್ಲಿ ‘ಕನೆ’ ಎಂಬ ರೂಪ ನಿರೀಕ್ಷಿತ. ಇರುವುದು ‘ಕೆನೆ’. ಪದಾಂತ್ಯದ ಎಕಾರದ ಸೆಳೆತದಿಂದ ಅಕಾರವೂ ಎಕಾರವಾಯಿತೆಂದು ಹೇಳಬಹುದಾದರೂ, ಅದೇ ಸನ್ನಿವೇಶದಲ್ಲಿರುವ ‘ಮನೆ’ಯಲ್ಲಿ ಅಂತಹ ಸೆಳೆತ ಏಕೆ ಕೆಲಸ ಮಾಡಲಿಲ್ಲವೆಂಬ ಪ್ರಶ್ನೆ ಉಳಿಯುತ್ತದೆ.

ಕನ್ನಡದ ಎ–ಎ ಸ್ವರಕ್ರಮಕ್ಕೆ ಸಾಹಿತ್ಯಿಕ ತಮಿಳಿನಲ್ಲಿ ನಿಯತವಾಗಿ ಸಿಗುವುದು ಇ–ಐ ಕ್ರಮ: ಎಲೆ–ಇಲೈ, ನೆನೆ–ನಿನೈ, ಬೆಳೆ–ವಿಳೈ. ದಕ್ಷಿಣ ದ್ರಾವಿಡದ ಈ ಇ/ಎ ಪರ್ಯಾಯವನ್ನು ಭದ್ರಿರಾಜು ಕೃಷ್ಣಮೂರ್ತಿ ಅವರು 1958ರ ‘ಲ್ಯಾಂಗ್ವೇಜ್’ ಲೇಖನದಲ್ಲಿ ವಿವರಿಸಿದ್ದಾರೆ. ಇದಕ್ಕೆ ಇನ್ನೊಂದು ನಿಯಮವನ್ನು ಸೇರಿಸಬೇಕು. ಇ, ಎ ಸ್ವರಗಳ ಹಿಂದೆ ಬರುವ ಮೂಲ ದ್ರಾವಿಡದ ಪದಾದಿ ಕಕಾರವು, ಮುಂದೆ ಮೂರ್ಧನ್ಯ ವ್ಯಂಜನವಿಲ್ಲದಿದ್ದಲ್ಲಿ, ತಮಿಳು–ಮಲಯಾಳಗಳಲ್ಲಿ ಚಕಾರವಾಗುತ್ತದೆ. ಕನ್ನಡದಲ್ಲಿ ಕಕಾರವಾಗಿಯೇ ಉಳಿಯುತ್ತದೆ. ಬರೋ ಅವರು 1943ರಲ್ಲಿ ವಿಶದಪಡಿಸಿದ ಈ ತಾಲವ್ಯೀಕರಣಕ್ಕೆ ಕಿವಿ–ಚೆವಿ, ಕೆದರು–ಚಿದಱು, ಕೆಱೆ–ಚಿಱೈ ನಿದರ್ಶನಗಳು. ಮೂರ್ಧನ್ಯವಿರುವಲ್ಲಿ, ಉದಾಹರಣೆಗೆ ಗಿಳಿಯನ್ನು ಸೂಚಿಸುವ ತಮಿಳಿನ ‘ಕಿಳಿ’ಯಲ್ಲಿ, ಕಕಾರ ಬದಲಾಗಿಲ್ಲ. ‘ಕೆನೆ’ಯಲ್ಲಿರುವ ನಕಾರ ಮೂರ್ಧನ್ಯವಲ್ಲದ ಕಾರಣ ತಾಲವ್ಯೀಕರಣಕ್ಕೆ ಅಡ್ಡಿಯಿಲ್ಲ.

ಎರಡೂ ನಿಯಮಗಳನ್ನು ಒಟ್ಟಿಗೆ ಅನ್ವಯಿಸಿದರೆ ಕನ್ನಡದ ‘ಕೆನೆ’ಗೆ ತಮಿಳು–ಮಲಯಾಳದ ಕಡೆಯಲ್ಲಿ ‘ಚಿನೈ / ಚಿನಯ್‌-’ ಎಂಬ ರೂಪ ನಿರೀಕ್ಷಿತ. ಮಲಯಾಳದಲ್ಲಿ ಕುದುರೆಯ ಕೆನೆತಕ್ಕೆ ಇರುವ ಕ್ರಿಯಾಪದ ‘ಚಿನಯ್‌ಕ್ಕುಕ’. ಕನ್ನಡದ ‘ನೆನೆ’ಗೆ ಮಲಯಾಳದಲ್ಲಿ ‘ನಿನಯ್‌ಕ್ಕುಕ’ ಇರುವಂತೆಯೇ ‘ಕೆನೆ’ಗೆ ‘ಚಿನಯ್‌ಕ್ಕುಕ’ ಇದೆ. ವ್ಯಂಜನ, ಸ್ವರ, ಧಾತುವರ್ಗ ಮೂರರಲ್ಲಿಯೂ ಹೊಂದಾಣಿಕೆ ಪೂರ್ಣ. ಸಾಮಾನ್ಯ ಅರ್ಥದ ಪದಗಳಲ್ಲಿ ಇಂತಹ ಹೊಂದಾಣಿಕೆ ಕಂಡಿದ್ದರೆ ಅವು ಜ್ಞಾತಿಪದಗಳೆಂದು ಒಪ್ಪಲು ನಾವು ಹಿಂಜರಿಯುತ್ತಿರಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ಮಲಯಾಳದ ‘ಚಿ’ ನೇರ ಅನುಕರಣೆಯೇ ಆಗಿರಬಹುದು ಎಂಬುದು. ಬಂಗಾಳಿಯ ‘ಚಿಂಹಿ’ ಯಾವ ತಾಲವ್ಯೀಕರಣದ ನೆರವೂ ಇಲ್ಲದೆ ಅದೇ ಅಕ್ಷರವನ್ನು ತಲುಪಿದೆ. ಎರಡನೆಯದು, ಎರಡು ಭಾಷೆಗಳ ಒಂದೇ ಜೋಡಿಯ ಮೇಲೆ ಪುನಾರಚನೆಯನ್ನು ನಿಲ್ಲಿಸುವುದು ದುರ್ಬಲವೆಂಬುದು. ಎರಡನೆಯ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ನಮ್ಮ ಪ್ರತಿಪಾದನೆ ಸಂಭಾವ್ಯತೆಯ ಮಟ್ಟದ್ದು. ಮೊದಲನೆಯದಕ್ಕೆ ಉತ್ತರ ರೂಪರಚನೆಯಲ್ಲಿದೆ.

ಕನ್ನಡದಲ್ಲಿ ಅನುಕರಣ ಶಬ್ದವು ಕ್ರಿಯೆಯಾಗುವುದಕ್ಕೆ ಸಾಮಾನ್ಯವಾಗಿ ಒಂದು ಊರೆಗೋಲು ಬೇಕು. ‘ಬುಸ್ಸೆನ್ನು’, ‘ಗುರುಗುಟ್ಟು’, ‘ಘೀಳಿಡು’, ‘ಹೂಂಕರಿಸು’ ಇವುಗಳಲ್ಲಿ ಎನ್ನು, ಗುಟ್ಟು, ಇಡು, ಕರಿಸು ಎಂಬ ಅಂಶಗಳು ಆ ಕೆಲಸವನ್ನು ಮಾಡುತ್ತವೆ. ಹೊಸದಾಗಿ ಹುಟ್ಟುವ ಅನುಕರಣೆಗಳೆಲ್ಲ ಈ ಬಾಗಿಲುಗಳಿಂದಲೇ ಒಳಬರುತ್ತವೆ. ತೆಲುಗಿನ ‘ಸಕಿಲಿಂಚು’ವಿನಲ್ಲಿಯೂ ‘ಇಂಚು’ ಎಂಬ ಕ್ರಿಯಾಕಾರಕ ಪ್ರತ್ಯಯ ಸ್ಪಷ್ಟವಾಗಿ ಕಾಣುತ್ತದೆ. ‘ಕೆನೆ’ಗೆ ಇಂತಹ ಯಾವ ಆಸರೆಯೂ ಇಲ್ಲ. ಅದು ನೇರವಾಗಿ ಕಾಲಪ್ರತ್ಯಯಗಳನ್ನು ಪಡೆಯುತ್ತದೆ: ಕೆನೆದು, ಕೆನೆಯಿತು, ಕೆನೆಯುತ್ತದೆ. ‘ಸೆಳೆ’ಯಿಂದ ಸೆಳೆತ, ‘ಕುಣಿ’ಯಿಂದ ಕುಣಿತ ಬಂದಂತೆ ‘ಕೆನೆ’ಯಿಂದ ಕೆನೆತ ಎಂಬ ಭಾವನಾಮ ಬರುತ್ತದೆ. ದ್ವಿರುಕ್ತಿಯೂ ಇಲ್ಲ. ಮಲಯಾಳದ ‘ಚಿನಯ್‌ಕ್ಕುಕ’ವೂ ಹಾಗೆಯೇ ‘ನಿನಯ್‌ಕ್ಕುಕ’ದ ಸಾಲಿನಲ್ಲಿ ನಡೆಯುತ್ತದೆ. ಎರಡು ಭಾಷೆಗಳು ಸ್ವತಂತ್ರವಾಗಿ ಒಂದೇ ದನಿಯನ್ನು ಅನುಕರಿಸಿದ್ದಲ್ಲಿ ಸದ್ದು ಹೋಲಬಹುದು. ಆದರೆ ಎರಡೂ ಪದಗಳು ಪರಸ್ಪರ ಸಂವಾದಿಯಾದ ಹಳೆಯ ಧಾತುವರ್ಗಕ್ಕೇ ಸೇರುವ ಸಂಭವ ಕಡಿಮೆ. ಅನುಕರಣ ಪದದ ವಯಸ್ಸನ್ನು ಕಿವಿಯಿಂದ ಅಳೆಯಲಾಗದು. ಅದರ ರೂಪದಿಂದ ಅಳೆಯಬಹುದು.

ಹಾಗಾದರೆ ‘ಕನೈ’ಯ ಸ್ಥ��ನವೇನು? ಕನ್–, ಕಿನ್– ಎಂಬ ಎರಡು ರೂಪಗಳು ಒಂದೇ ಅನುಕರಣ ಮೂಲದ ಸ್ವರಭೇದಗಳಾಗಿರಬಹುದು. ಅಕಾರದ ರೂಪ ಗಂಟಲಿನ ತಗ್ಗುದನಿಗೆ, ಇಕಾರದ ರೂಪ ತೀಕ್ಷ್ಣವಾದ ಮೇಲ್ದನಿಗೆ. ‘ಕನೈ’ ಎಮ್ಮೆಗೂ ಮನುಷ್ಯನ ಗಂಟಲಿಗೂ ಸಲ್ಲುವುದು, ‘ಕೆನೆ’ ಕುದುರೆಗೇ ಮೀಸಲಾಗಿರುವುದು ಈ ಊಹೆಗೆ ಹೊಂದುತ್ತದೆ. ಹೀಗಿದ್ದಲ್ಲಿ ಅನುಕರಣೆ ತನ್ನ ಕೆಲಸವನ್ನು ಪದದ ಹುಟ್ಟಿನಲ್ಲಿ, ಸ್ವರದ ಆಯ್ಕೆಯಲ್ಲಿ ಮುಗಿಸಿತು. ಆ ಬಳಿಕ ಪದವನ್ನು ನಡೆಸಿದ್ದು ಧ್ವನಿನಿಯಮ. ಇಂದಿನ ‘ಕೆನೆ’ಯ ಎಕಾರ ಕುದುರೆಯದಲ್ಲ, ಕನ್ನಡದ್ದು.

ಈ ಪ್ರತಿಪಾದನೆಗೆ ಕಾಲಗಣನೆಯ ಪರಿಣಾಮವೂ ಇದೆ. ತಾಲವ್ಯೀಕರಣ ತಮಿಳಿನ ಅತ್ಯಂತ ಹಳೆಯ ಸಾಹಿತ್ಯಕ್ಕಿಂತ ಹಿಂದಿನದು. ಈ ಧಾತು ಅದಕ್ಕೂ ಮುಂಚೆ ಇದ್ದಿರಬೇಕು. ವಿದರ್ಭದ ಮಾಹೂರ್‌ಝರಿಯಂತಹ ಬೃಹತ್‌ಶಿಲಾ ಸಮಾಧಿಗಳಲ್ಲಿ ಕುದುರೆಯ ಅವಶೇಷಗಳೂ ಸಜ್ಜೂ ದೊರೆತಿರುವುದರಿಂದ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಪರ್ಯಾಯದ್ವೀಪದ ಜನರಿಗೆ ಕುದುರೆ ಪರಿಚಿತವಾಗಿತ್ತೆಂಬುದು ನಿಶ್ಚಿತ. ಆದರೂ ಆ ಹಳೆಯ ಧಾತು ಆರಂಭದಿಂದಲೂ ಕುದುರೆಯನ್ನೇ ಸೂಚಿಸುತ್ತಿತ್ತೆಂದು ಹೇಳಲು ನಾವು ಸಿದ್ಧರಿಲ್ಲ. ಯಾವುದೋ ತೀಕ್ಷ್ಣ ದನಿಯ ಹೆಸರು ಹೊಸ ಪ್ರಾಣಿಗೆ ಸಂದು, ಮುಂದೆ ಅದಕ್ಕೇ ಸೀಮಿತವಾಗಿರುವುದು ಅಷ್ಟೇ ಸಾಧ್ಯ.

6. ಪದಕ್ಷೇತ್ರ: ಒಂದು ಪದ, ಹಲವು ದನಿ

ಎರಡನೆಯ ವಿಭಾಗದಲ್ಲಿ ಹೇಳಿದ ನಾಲ್ಕು ಸದ್ದುಗಳನ್ನು ಕನ್ನಡ ಹೇಗೆ ಹಂಚಿಕೊಂಡಿದೆ? ನಾದವುಳ್ಳ ಮೂರಕ್ಕೂ ‘ಕೆನೆ’ ಒಂದೇ ಪದ. ‘ಹೇಷಾರವ’ ಅದರ ಪ್ರೌಢ ಪರ್ಯಾಯವೇ ಹೊರತು ಬೇರೆ ದನಿಯ ಹೆಸರಲ್ಲ. ಮೂಗಿನ ಸದ್ದಿಗೆ ‘ಬುಸುಗುಟ್ಟು’ ಎನ್ನುತ್ತೇವೆ. ಅದು ಹಾವಿಗೂ ಗೂಳಿಗೂ ಸಲ್ಲುವ ಪದ. ಹೋಲಿಕೆಗೆ ನಾಯಿಯನ್ನು ತೆಗೆದುಕೊಂಡರೆ ಬೊಗಳು, ಊಳಿಡು, ಗುರುಗುಟ್ಟು, ಕುಂಯ್‌ಗುಟ್ಟು ಎಂಬ ಪ್ರತ್ಯೇಕ ಕ್ರಿಯಾಪದಗಳು ಸಿಗುತ್ತವೆ.

ಅರಬ್ಬಿಯಲ್ಲಿ ಕುದುರೆಯ ಪದಕ್ಷೇತ್ರ ಬಹಳ ದಟ್ಟವಾದುದು. 1038ರಲ್ಲಿ ತೀರಿಕೊಂಡ ಥಆಲಿಬೀ ತನ್ನ ‘ಫಿಕ್ಹ್ ಅಲ್‌ಲುಘಾ’ ಕೃತಿಯಲ್ಲಿ ಕುದುರೆಯ ದನಿಗಳನ್ನು ಸನ್ನಿವೇಶಕ್ಕೆ ತಕ್ಕಂತೆ ವಿಂಗಡಿಸುತ್ತಾನೆ. ‘ಸಹೀಲ್’ ಸಾಮಾನ್ಯ ಕೆನೆತ. ‘ದಬ್ಹ್’ ಓಟದಲ್ಲಿ ಕೇಳುವ ಉಸಿರಿನ ಸದ್ದು. ‘ಕಬ್‌ಅ’ ಬೆದರಿದಾಗ ಮೂಗಿನಿಂದ ಗಂಟಲಿಗೆ ಹೊರಳಿಸುವ ಸದ್ದು. ‘ಹಮ್‌ಹಮಾ’ ಮೇವನ್ನು ಬೇಡುವಾಗ ಅಥವಾ ಒಡೆಯನನ್ನು ಕಂಡು ಆಪ್ತವಾಗುವಾಗ ಮಾಡುವ ಮೆಲುದನಿ. ಇಂದಿನ ಪ್ರಾಣಿವರ್ತನಾ ಶಾಸ್ತ್ರ ಗುರುತಿಸುವ ಮೆಲುದನಿಗೆ ಅರಬ್ಬಿಯಲ್ಲಿ ಸಾವಿರ ವರ್ಷದ ಹಿಂದೆಯೇ ನಿಶ್ಚಿತವಾದ ಪದವಿತ್ತು. ದ್ವಿರುಕ್ತ ವ್ಯಂಜನಗಳ ಆ ರೂಪದಲ್ಲಿ ದನಿಯ ಬಿಡಿ ಮಿಡಿತಗಳೂ ಮುಚ್ಚಿದ ಬಾಯಿಯೂ ಕೇಳಿಸುತ್ತವೆ.

ಕರ್ನಾಟಕಕ್ಕೆ ಅರಬ್ಬೀ ಕುದುರೆಗಳು ಭಟ್ಕಳ, ಗೋವೆಗಳ ಬಂದರುಗಳ ಮೂಲಕ ಬರುತ್ತಿದ್ದವು. ವಿಜಯನಗರದ ಸೈನ್ಯ ಅವುಗಳನ್ನು ಅವಲಂಬಿಸಿತ್ತು. ಲಗಾಮು, ಜೀನು, ರಿಕಾಪು, ಸವಾರ, ಚಾಬೂಕು ಎಂಬ ಪದಗಳು ಅರಬ್ಬೀ–ಪಾರಸಿ ಮೂಲಗಳಿಂದ ಕನ್ನಡಕ್ಕೆ ಬಂದಿವೆ. ದನಿಯ ಪದಗಳಲ್ಲಿ ಒಂದೂ ಬರಲಿಲ್ಲ. ಸಲಕರಣೆ ವ್ಯಾಪಾರದೊಡನೆ ತನ್ನ ಹೆಸರನ್ನು ತರುತ್ತದೆ. ದನಿಯ ಸೂಕ್ಷ್ಮಭೇದದ ಹೆಸರು ಪ್ರಾಣಿಯೊಡನೆ ಇರುಳು ಹಗಲು ಬಾಳುವವರಲ್ಲಿ ಹುಟ್ಟುತ್ತದೆ. ಕನ್ನಡ ನಾಡಿನ ಒಕ್ಕಲುಮನೆಯ ಕೊಟ್ಟಿಗೆಯಲ್ಲಿದ್ದುದು ಎತ್ತು. ಕುದುರೆ ಇದ್ದುದು ಅರಮನೆಯ ಲಾಯದಲ್ಲಿ, ದಂಡಿನ ಸಾಲಿನಲ್ಲಿ. ದೂರದಿಂದ ಕೇಳುವವರಿಗೆ ಕೇಳಿಸುವುದು ದೂರಕ್ಕೆ ತಲುಪುವ ದನಿಯೊಂದೇ. ನಿಘಂಟಿಗೆ ಸೇರಿದ್ದೂ ಅದೊಂದೇ. ಇದನ್ನು ಭಾಷೆಯ ಬಡತನವೆನ್ನುವುದು ತಪ್ಪಾಗುತ್ತದೆ. ಇದು ಕೇಳುಗನು ನಿಂತಿದ್ದ ಜಾಗದ ದಾಖಲೆ.

ಆದರೆ ಈ ಅಂತರಕ್ಕೆ ಪ್ರಾಯೋಗಿಕ ಪರಿಣಾಮಗಳಿವೆ. ‘ಬುಸುಗುಟ್ಟು’ ಎಂಬ ಪದ ಕನ್ನಡದಲ್ಲಿ ಕೋಪವನ್ನು ಧ್ವನಿಸುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವಾದರೋ, ಕುದುರೆಗಳು ಮೂಗಿನ ಸದ್ದನ್ನು ಹಿತಕರ ಸನ್ನಿವೇಶಗಳಲ್ಲಿ, ಉದಾಹರಣೆಗೆ ಹುಲ್ಲುಗಾವಲಿನಲ್ಲಿ ಮೇಯುವಾಗ, ಹೆಚ್ಚಾಗಿ ಮಾಡುತ್ತವೆಂದು ತೋರಿಸಿತು. ಪಶುವೈದ್ಯದ ಪಠ್ಯವನ್ನೋ ಕಾದಂಬರಿಯನ್ನೋ ಕನ್ನಡಕ್ಕೆ ತರುವವರು ಇಲ್ಲಿ ‘ಬುಸುಗುಟ್ಟಿತು’ ಎಂದು ಬರೆದರೆ ನೆಮ್ಮದಿಯಲ್ಲಿರುವ ಪ್ರಾಣಿ ಸಿಟ್ಟಾದಂತೆ ಕಾಣುತ್ತದೆ. ಮರಿಯನ್ನು ಕರೆಯುವ ತಾಯಿಗುದುರೆಯ ಮೆಲುದನಿಗೆ ‘ಕೆನೆಯಿತು’ ಎಂದರೆ ಆಪ್ತವಾದ ಪಿಸುಮಾತು ದೂರದ ಕೂಗಾಗುತ್ತದೆ. ನಿಘಂಟುಕಾರರು ಹೊಸ ಪದಗಳನ್ನು ಕಟ್ಟುವುದಕ್ಕಿಂತ ಮೊದಲು, ಕುದುರೆ ಸಾಕುವವರ, ಟಾಂಗಾ ಓಡಿಸುವವರ, ಲಾಯಗಳಲ್ಲಿ ದುಡಿಯುವವರ ಆಡುಮಾತಿನಲ್ಲಿ ಈ ದನಿಗಳಿಗೆ ಯಾವ ಹೆಸರುಗಳಿವೆಯೆಂದು ಕೇಳಿ ದಾಖಲಿಸುವುದು ಉಚಿತ. ಟಾಂಗಾಗಳು ಬೀದಿಗಳಿಂದ ಮರೆಯಾಗುತ್ತಿರುವ ಹೊತ್ತಿನಲ್ಲಿ ಈ ಕೆಲಸಕ್ಕೆ ಉಳಿದಿರುವ ಕಾಲಾವಕಾಶ ದೊಡ್ಡದಲ್ಲ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ನಿರ್ಣಯಗಳನ್ನು ತೆಗೆಯಬಹುದು. ಒಂದು, ಕುದುರೆಯ ದನಿಯ ಹೆಸರುಗಳಲ್ಲಿ ಕಾಣುವ ಸಾಮ್ಯ–ವೈಷಮ್ಯಗಳಿಗೆ ಮೂಲ ಆ ದನಿಯ ಬಹುಮುಖತೆಯಲ್ಲಿಯೇ ಇದೆ; ಪ್ರತಿಯೊಂದು ಭಾಷೆಯೂ ತನ್ನ ಧ್ವನಿಮಾ ವ್ಯವಸ್ಥೆ ಒಪ್ಪುವ ಒಂದೆರಡು ಅಂಶಗಳನ್ನು ಆರಿಸಿಕೊಂಡಿದೆ. ಎರಡು, ಹೀಗೆ ಹುಟ್ಟಿದ ಪದವು ಧಾತುವಾಗಿ ನೆಲೆಗೊಂಡ ಮೇಲೆ ಧ್ವನಿನಿಯಮಕ್ಕೆ ಪೂರ್ಣವಾಗಿ ಅಧೀನ. ಇಂಗ್ಲಿಷಿನ ‘ನೇ’ ಅದರಿಂದ ಸವೆಯಿತು, ಕನ್ನಡದ ‘ಕೆನೆ’ ಅದರಿಂದಲೇ ತನ್ನ ಬಂಧುವನ್ನು ನಮಗೆ ತೋರಿಸಿಕೊಟ್ಟಿತು. ಮೂರು, ಊರೆಗೋಲಿನ ನೆರವಿಲ್ಲದೆ ನಡೆಯುವ ಅನುಕರಣ ಧಾತುಗಳನ್ನು ದ್ರಾವಿಡ ಪುನಾರಚನೆಯಿಂದ ಹೊರಗಿಡಬೇಕಾದ ಕಾರಣವಿಲ್ಲ.

ಬೊಗಳು, ಕೂಗು ಮೊದಲಾದ ಪ್ರಾಣಿದನಿಯ ಧಾತುಗಳನ್ನೂ ಇದೇ ಪರೀಕ್ಷೆಗೆ ಒಳಪಡಿಸಬಹುದು: ಮೊದಲು ರೂಪರಚನೆ, ಆಮೇಲೆ ಸ್ವರ–ವ್ಯಂಜನಗಳ ಸಂವಾದ, ಕೊನೆಯಲ್ಲಿ ಅರ್ಥದ ವ್ಯಾಪ್ತಿ. ಈ ಕ್ರಮದಲ್ಲಿ ನಡೆದರೆ ಯಾವ ಹೋಲಿಕೆ ಆಕಸ್ಮಿಕ, ಯಾವುದು ಆನುವಂಶಿಕ ಎಂಬುದನ್ನು ಬೇರ್ಪಡಿಸುವ ಕೆಲಸ ಊಹೆಯ ಮಟ್ಟದಿಂದ ಮೇಲೇಳುತ್ತದೆ. ಪರೀಕ್ಷೆಯ ಫಲ ಕೆಲವೆಡೆ ನಮ್ಮ ನಿರೀಕ್ಷೆಗೆ ವಿರುದ್ಧವಾಗಿಯೂ ಬರಬಹುದು. ಆದರೆ ‘ಅನುಕರಣ’ವೆಂಬ ಒಂದು ಮಾತಿನಿಂದ ಪದದ ಚರಿತ್ರೆಯನ್ನು ಮುಚ್ಚಿಬಿಡುವುದಕ್ಕಿಂತ ಅದು ಮೇಲು.